ಕೇಳಿ ಹೇಳಿದ್ದಲ್ಲ, ನೋಡಿ ಹೇಳಿದ್ದು

ಪ್ರೀತಿಯ ಅಮ್ಮ,

ಮೊದಲೇ ಹೇಳಿಬಿಡುತ್ತೇನೆ, ನಗಬೇಡ. ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುವವಳಿಗೆ ಒಂದೇ ಮನೆಯಲ್ಲಿರುವ ಅಮ್ಮನ ಎದುರು ಕೂತು ನಾಲ್ಕು ಮಾತಾಡಲು ಬರುವುದಿಲ್ಲವೇ ಎಂದು ನೀನು ಕೇಳಿಯೇ ಕೇಳುತ್ತೀಯ. ಬರುವುದಿಲ್ಲ, ಅಮ್ಮ. ನಾನು ಬಾಯಿ ತೆರೆದಾಗಲೆಲ್ಲ ನೀನು, "ಈ ವಾರ ನನಗೆ ಯಾವ ಕಾಯಿಲೆ, ಡಾಕ್ಟ್ರೇ?" ಎಂದು ಕೆನ್ನೆ ಹಿಂಡುತ್ತೀಯ. ನಾನೂ ಹಲ್ಲು ಕಿರಿದು ಸುಮ್ಮನಾಗುತ್ತೇನೆ. ಅದಕ್ಕೇ ನಮ್ಮ ಲ್ಯಾಬಿನಲ್ಲಿ, ಅವತ್ತು ನೀನು ಕೂತಿದ್ದ ಅದೇ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಇವತ್ತು ನಿನಗೆ ವಾರದ ರಜೆ, ಮಧ್ಯಾಹ್ನದ ನಿದ್ದೆಯಲ್ಲಿರುತ್ತೀಯ. ನಾಳೆ ಬೆಳಿಗ್ಗೆ ಮತ್ತೆ ನೀನು ರೈಲು ಓಡಿಸಲು ಹೋಗಬೇಕು. ಅದಕ್ಕೆ ಮೊದಲು ಇದು ನಿನ್ನ ಕೈ ಸೇರಬೇಕು.

ನಾನು ಈ ಕೋರ್ಸ್ ತೆಗೆದುಕೊಳ್ಳುತ್ತೇನೆ ಎಂದಾಗ ಮನೆಯಲ್ಲಿ ಆದ ರಾಮಾಯಣ ನೆನಪಿದೆಯೇ? ದೊಡ್ಡಮ್ಮ, "ಹುಚ್ಚರ ಜೊತೆ ಇದ್ದು ಇದ್ದು ಅವಳಿಗೂ ಹಿಡಿದುಬಿಟ್ರೆ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಮಾವ ತನ್ನ ಹಣೆ ಮುಂದೆ ತಂದು, "ಎಲ್ಲಿ, ನನ್ನ ಮನಸ್ಸಲ್ಲಿ ಏನಿದೆ ಓದು ನೋಡೋಣ" ಎಂದ. ಏನೂ ಕಾಣಿಸುತ್ತಿಲ್ಲ ಎಂದು ನಾನು ಹೇಳಿದ್ದಕ್ಕೆ ಒಂದು ವಾರ ಮುಖ ಊದಿಸಿಕೊಂಡಿದ್ದ. ನೀನೊಬ್ಬಳೇ ನನ್ನ ಪರ ನಿಂತೆ. "ನಾನು ಮೊದಲ ಸಲ ಇಂಜಿನ್ ಹತ್ತೋಕೆ ಮುಂಚೆ ಕತ್ತಲೆ ಕೋಣೇಲಿ ಕೂರಿಸಿ, ದೀಪ ಹತ್ತಿಸಿ ಆರಿಸಿ ನನ್ನ ತಲೆ ಅಳೆದ್ರು. ಏನು ಅಳೆದ್ರು, ಹೇಗೆ ಅಳೆದ್ರು ಇವತ್ತಿಗೂ ಗೊತ್ತಿಲ್ಲ. ಇವಳು ಓದಿ ನಂಗೆ ಹೇಳ್ಲಿ" ಎಂದೆ. ಮಾತು ಅಲ್ಲಿಗೇ ಮುಗಿಯಿತು.

ಓದು ನಾನು ಅಂದುಕೊಂಡ ಹಾಗಿರಲಿಲ್ಲ. ಮನಸ್ಸಿನ ಗುಟ್ಟು ತಿಳಿಯಬಹುದೆಂದು ಹೋದರೆ ಮೊದಲ ವರ್ಷವೆಲ್ಲ ಸರಾಸರಿ, ವಿಚಲನೆ, ಇಲಿಗಳು. ಎರಡನೆಯ ವರ್ಷ ಕಾಯಿಲೆಗಳ ಪಾಠ ಶುರುವಾದದ್ದೇ ತಡ, ಕಂಡಕಂಡವರಲ್ಲೆಲ್ಲ ನನಗೆ ಕಾಯಿಲೆ ಕಾಣತೊಡಗಿತು. ನಲ್ಲಿ ಮತ್ತೆ ಮತ್ತೆ ತಿರುಗಿಸಿ ನೋಡುವ ದೊಡ್ಡಮ್ಮನಿಗೆ ಗೀಳು. ಕನ್ನಡಿ ಬಿಟ್ಟು ಕದಲದ ಮಾವನಿಗೆ ಆತ್ಮರತಿ. ಪರೀಕ್ಷೆಯ ಹಿಂದಿನ ವಾರ ನನಗೆ ಪುಸ್ತಕದಲ್ಲಿರುವುದೆಲ್ಲ. "ಹಾಗಾದ್ರೆ ಈ ಮನೇಲಿ ನೆಟ್ಟಗಿರೋದು ಬೆಕ್ಕು ಒಂದೇ ಅನ್ನು" ಎಂದು ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಲ್ಯಾಬ್ ಮೇಡಂ ಕೂಡ ಇದನ್ನೇ ಹೇಳುತ್ತಾರೆ. ಎರಡನೆಯ ವರ್ಷದವರ ಕಣ್ಣಿಗೆ ಇಡೀ ವಂಶವೇ ರೋಗಿಗಳಂತೆ ಕಾಣುತ್ತದಂತೆ, ಮೂರನೆಯ ವರ್ಷಕ್ಕೆ ತಾನೇ ವಾಸಿಯಾಗುತ್ತದಂತೆ. ಹಾಗಾಗಿ ನಿನ್ನ ವಿಷಯದಲ್ಲೂ ನನ್ನ ಕಣ್ಣನ್ನು ನಾನೇ ನಂಬದೆ ಇಷ್ಟು ದಿನ ತಳ್ಳಿದೆ.

ಲ್ಯಾಬಿನಲ್ಲಿ ನಾವು ಪ್ರತಿಯೊಬ್ಬರೂ ಹೊರಗಿನ ಒಬ್ಬರನ್ನು ಕರೆತಂದು ಪರೀಕ್ಷೆಗೆ ಕೂರಿಸಬೇಕು. ಅವರನ್ನು ಸಬ್ಜೆಕ್ಟ್ ಅನ್ನುತ್ತೇವೆ. ಎಲ್ಲರೂ ಪಕ್ಕದ ತರಗತಿಯ ಗೆಳೆಯರನ್ನು ಎಳೆದುಕೊಂಡು ಬಂದರೆ ನೀನು ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ, ಭುಜಕ್ಕೆ ಚೀಲ ನೇತುಹಾಕಿಕೊಂಡು ಬಂದೆ. ರೈಲು ಓಡಿಸುವ ಹೆಂಗಸನ್ನು ಹತ್ತಿರದಿಂದ ನೋಡಲು ಹುಡುಗಿಯರೆಲ್ಲ ಬಾಗಿಲಲ್ಲಿ ಮುತ್ತಿಕೊಂಡರು. ನನಗೆ ಕೋಡು ಮೂಡಿತ್ತು, ಅಮ್ಮ. ದೀಪ ಹತ್ತಿದ ಕೂಡಲೇ ಗುಂಡಿ ಒತ್ತುವ ಪರೀಕ್ಷೆಯಲ್ಲಿ ನೀನು ನಮ್ಮ ತರಗತಿಯ ಹುಡುಗರನ್ನೆಲ್ಲ ಹಿಂದೆ ಹಾಕಿದೆ. ಅವರು ಚಪ್ಪಾಳೆ ತಟ್ಟಿದರು.

ಅದಕ್ಕೂ ಮೊದಲು ನಾನು ನಿನಗೊಂದು ಪದಗಳ ಪಟ್ಟಿ ಓದಿ ಹೇಳಿದ್ದೆ. ನೀನು ಕೇಳಿಸಿಕೊಂಡು ತಿರುಗಿ ಒಪ್ಪಿಸಿದ್ದೆ. ಮಧ್ಯೆ ಬೇರೆ ಪರೀಕ್ಷೆಗಳನ್ನು ಮುಗಿಸಿ, ಕೊನೆಯಲ್ಲಿ, "ಮೊದಲು ಓದಿದ ಪದಗಳಲ್ಲಿ ನೆನಪಿರುವುದನ್ನು ಹೇಳಿ" ಎಂದೆ. ಲ್ಯಾಬಿನಲ್ಲಿ ಹೆತ್ತ ತಾಯಿಗೂ ಬಹುವಚನ, ಅದು ನಿಯಮ. ನೀನು ನನ್ನ ಮುಖ ನೋಡಿ, "ಯಾವ ಪದಗಳು?" ಎಂದೆ.

ಪದಗಳು ಮರೆಯುವುದು ದೊಡ್ಡ ವಿಷಯವಲ್ಲ, ಎಲ್ಲರೂ ಮರೆಯುತ್ತಾರೆ. ನೀನು ಪಟ್ಟಿ ಇತ್ತು ಎನ್ನುವುದನ್ನೇ ಮರೆತಿದ್ದೆ. ನನ್ನ ಪೆನ್ನು ನಿಂತದ್ದನ್ನು ಕಂಡು ತಕ್ಷಣ ನಕ್ಕು, "ಬೆಳಗ್ಗಿಂದ ಇಂಜಿನ್ ಸದ್ದು ಕೇಳಿ ಬಂದಿದೀನಿ ಕಣೇ, ತಲೆ ಗುಂಯ್ ಅಂತಿದೆ" ಎಂದು ತೇಲಿಸಿಬಿಟ್ಟೆ. ಅಂಕಗಳನ್ನು ನೋಡಿದ ಮೇಡಂ, ಇದು ಅಭ್ಯಾಸಕ್ಕೆ ಮಾಡಿದ್ದು, ಇದರಿಂದ ಯಾವ ಅರ್ಥವನ್ನೂ ತೆಗೆಯಬಾರದು ಎಂದು ಎಲ್ಲರಿಗೂ ಹೇಳುವುದನ್ನೇ ನನಗೂ ಹೇಳಿದರು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದೆ.

ಕೆಲವು ದಿನಗಳ ಮೇಲೆ ನೀನು ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ, "ಮುಂದಿನ ತಿಂಗಳು ನಮ್ಮಲ್ಲೂ ತಪಾಸಣೆ ಇದೆ. ಈ ವಯಸ್ಸಿನವರಿಗೆಲ್ಲ ಮಾಡ್ತಾರೆ. ನಿಮ್ಮ ಆ ಪದಗಳ ಆಟ ನಂಗೆ ಒಂಚೂರು ಹೇಳಿಕೊಡ್ತೀಯಾ?" ಎಂದೆ. ನನ್ನ ಹತ್ತಿರ ನೀನು ಏನನ್ನಾದರೂ ಬೇಡಿದ್ದು ನನಗೆ ನೆನಪಿಲ್ಲ. ಅಪ್ಪ ಹೋದ ಮೇಲೆ ಗಂಡಸರೇ ತುಂಬಿದ್ದ ಆ ಇಂಜಿನ್ ಶೆಡ್ಡಿಗೆ ಒಬ್ಬಳೇ ಹೋಗಿ ನಿಂತವಳು ನೀನು. ಸೌಟು ಹಿಡಿಯುವ ಕೈ ಎಂದು ಆಡಿಕೊಂಡವರೇ ನಿನ್ನ ಹೆಸರು ಹೇಳಿ ಹೊಸಬರಿಗೆ ಪಾಠ ಮಾಡುವ ಹಾಗೆ ಮಾಡಿದವಳು. ಆ ಸಂಜೆಯೇ ಪದಗಳ ಪಟ್ಟಿ ಹಿಡಿದು ನಿನ್ನೆದುರು ಕೂತೆ.

ಆ ಸಂಜೆಗಳು ಚೆನ್ನಾಗಿದ್ದವು, ಅದನ್ನು ಮುಚ್ಚಿಡುವುದಿಲ್ಲ. ಪದಗಳನ್ನೆಲ್ಲ ಪೋಣಿಸಿ ಒಂದು ಕಥೆ ಕಟ್ಟಿಕೊಂಡರೆ ನೆನಪಿರುತ್ತದೆ ಎಂದು ಹೇಳಿಕೊಟ್ಟೆ. ಕುದುರೆ, ಕೊಡೆ, ಕನ್ನಡಿ ಅಂದರೆ ನೀನು, "ಕುದುರೆ ಕೊಡೆ ಹಿಡ್ಕೊಂಡು ಕನ್ನಡಿ ಮುಂದೆ ನಿಂತಿತ್ತು, ಥೇಟ್ ನಿಮ್ಮ ಮಾವ" ಎಂದೆ. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಮರುದಿನವೂ ನೀನು ಅದನ್ನೇ, ಆಗ ತಾನೇ ಹೊಳೆದ ಹಾಗೆ ಹೇಳಿ ನನ್ನ ಮುಖ ನೋಡಿದೆ, ನಾನು ನಗಲಿ ಎಂದು. ಅದರ ಮರುದಿನವೂ. ನಾನು ಪ್ರತಿ ಸಲವೂ ನಕ್ಕೆ. ನಿನ್ನ ಅಂಕಗಳು ಏರುತ್ತಾ ಹೋದವು. ಅಭ್ಯಾಸ ಮಾಡಿಸಿದರೆ ಅಂಕ ಏರುತ್ತದೆಯೇ ಹೊರತು ನೆನಪು ವಾಸಿಯಾಗುವುದಿಲ್ಲ, ಇದು ಮೊದಲ ವರ್ಷದ ಪಾಠ. ಪರೀಕ್ಷೆಯಲ್ಲಿ ಅದನ್ನು ಬರೆದು ಒಳ್ಳೆಯ ಅಂಕ ತೆಗೆದವಳೇ ನಿನ್ನೆದುರು ಕೂತು ಅಭ್ಯಾಸ ಮಾಡಿಸುತ್ತಿದ್ದೆ.

ಈಗ ಒಲೆಯ ವಿಷಯ. ನಮ್ಮ ಮನೆಯ ಪದ್ಧತಿ ಕಂಡು ನೆಂಟರೆಲ್ಲ ನಗುತ್ತಾರೆ. ಮನೆಯಿಂದ ಹೊರಡುವಾಗ ನೀನು ಇಂಜಿನ್ನಿನಲ್ಲಿ ಮಾಡುವ ಹಾಗೇ ಬೆರಳು ಚಾಚಿ, "ಒಲೆ ಆಫ್!" ಎನ್ನುತ್ತೀಯ. ನಾನೂ ಬೆರಳು ಚಾಚಿ, "ಒಲೆ ಆಫ್!" ಎನ್ನಬೇಕು. ಆಮೇಲೆ ನಲ್ಲಿ, ಕಿಟಕಿ, ಬೀಗ. ಚಿಕ್ಕವಳಿದ್ದಾಗ ನನಗೆ ಅದೊಂದು ಆಟ. ಒಮ್ಮೆ ನಾನು ಗೊಂಬೆಯ ಕೂದಲು ಬಾಚುತ್ತಾ ಕೂಗಿದ್ದಕ್ಕೆ ನೀನು ಗದರಿಸಿ, "ನಾನು ಹೇಳಿದ್ದನ್ನ ಕೇಳಿ ಹೇಳ್ಬೇಡ, ನೋಡಿ ಹೇಳು. ನನ್ನ ಕಣ್ಣು ತಪ್ಪಿದ್ರೆ ಹಿಡೀಬೇಕು ಅಂತಾನೇ ಎರಡನೆಯವರು ಇರೋದು" ಎಂದಿದ್ದೆ. ಸಿಗ್ನಲ್ ಕಂಡಾಗ ನೀನು ಬಣ್ಣ ಕೂಗಿದರೆ ನಿನ್ನ ಪಕ್ಕದ ಸಹಾಯಕರೂ ತಮ್ಮ ಕಣ್ಣಿನಿಂದ ನೋಡಿ ಬಣ್ಣ ಕೂಗಬೇಕು ಎಂದು ಅವತ್ತೇ ವಿವರಿಸಿದ್ದೆ.

ಹೋದ ಭಾನುವಾರ ನಿನಗೆ ಬೂಟು ಕೊಳ್ಳಲು ಹೊರಟಾಗ ನೀನು ಒಲೆಯ ಕಡೆ ಬೆರಳು ಚಾಚಿ, "ಒಲೆ ಆಫ್!" ಎಂದೆ. ನಾನು ಫೋನು ನೋಡುತ್ತಾ, "ಒಲೆ ಆಫ್!" ಎಂದೆ. ಬೀದಿಯ ತಿರುವಿನಲ್ಲಿ ಬಸ್ಸಿಗೆ ಬಹಳ ಹೊತ್ತು ಕಾದ ಮೇಲೆ ಕೊಡೆ ಮರೆತದ್ದು ನೆನಪಾಗಿ ನಾನು ಓಡಿ ಬಂದೆ. ಬಾಗಿಲು ತೆಗೆದರೆ ಹೊಗೆ. ಹಾಲು ಬತ್ತಿ, ಪಾತ್ರೆಯ ತಳ ಕರಕಲಾಗಿ, ಕೆಳಗೆ ಉರಿ ನೀಲಿಯಾಗಿ ನಿಂತಿತ್ತು. ನೀನು ಅದನ್ನು ನೋಡಿ, ಬೆರಳು ಚಾಚಿ, ಆಫ್ ಎಂದು ಕೂಗಿದ್ದೆ.

ನನ್ನ ಹಿಂದೆಯೇ ಬಂದ ನೀನು ಬಾಗಿಲಲ್ಲಿ ನಿಂತು ನಿನ್ನ ಬೆರಳನ್ನೇ ನೋಡಿಕೊಂಡೆ. ಆ ಮುಖವನ್ನು ನಾನು ಎಂದೂ ಕಂಡಿರಲಿಲ್ಲ. ಆಮೇಲೆ ಸಿಟ್ಟು ತಂದುಕೊಂಡು, "ನೀನಾದ್ರೂ ನೋಡ್ಬೇಕಿತ್ತು ತಾನೇ?" ಎಂದೆ. ನಿಜ, ನೋಡಬೇಕಿತ್ತು. ಪಾತ್ರೆ ಉಜ್ಜುತ್ತಾ ಸಮಾಧಾನವಾದ ಮೇಲೆ ನೀನೇ ನಗುತ್ತಾ, ಮೀಸೆ ಎಂದು ನೀನು ಕರೆಯುವ ನಿನ್ನ ಸಹಾಯಕರ ಬಗ್ಗೆ ಹೇಳಿದೆ: "ನಮ್ಮ ಮೀಸೆನೂ ನಿನ್ನ ಥರಾನೇ. ನಾನು ಹಸಿರು ಅಂದ್ರೆ ಸಾಕು, ಹಸಿರು ಅಂತಾರೆ. ಕಣ್ಣೆತ್ತಿ ನೋಡೋದೂ ಇಲ್ಲ. ನನ್ನ ಮೇಲೆ ಅಷ್ಟು ನಂಬಿಕೆ."

ಮೀಸೆಯವರು ಒಳ್ಳೆಯವರು, ವರ್ಷಗಟ್ಟಲೆ ನಿನ್ನ ಪಕ್ಕದಲ್ಲಿ ಕೂತವರು. ಬೆಳಿಗ್ಗೆ ನಿನ್ನ ರೈಲಿನಲ್ಲಿ ಬರುವವರನ್ನು ನಾನು ಬಲ್ಲೆ. ನಮ್ಮ ತರಗತಿಯ ಅರ್ಧ ಜನ ಅದರಲ್ಲೇ ಬರುತ್ತಾರೆ. ಗ್ರಂಥಾಲಯದ ಮೇಡಂ ಬಾಗಿಲ ಪಕ್ಕದ ಸೀಟಿನಲ್ಲಿ ಸ್ವೆಟರ್ ಹೆಣೆಯುತ್ತಾ ಬರುತ್ತಾರೆ. ಒಂದೇ ಒಂದು ಬೆಳಿಗ್ಗೆ ನೀನು ಕೆಂಪು ನೋಡಿ ಹಸಿರು ಎಂದರೆ ಮೀಸೆಯವರೂ ಹಸಿರು ಎನ್ನುತ್ತಾರೆ.

ಮೊನ್ನೆ ಲ್ಯಾಬ್ ಮೇಡಂ ಹತ್ತಿರ ಹೋಗಿ, ನನಗೆ ಗೊತ್ತಿರುವ ಒಬ್ಬರು ಎಂದು ಶುರುಮಾಡಿದೆ. ಅವರು ಪೂರ್ತಿ ಕೇಳಿ, "ಅಮ್ಮನಾ?" ಎಂದರು. ನಾನು ಅತ್ತುಬಿಟ್ಟೆ. ಅವರು ಬೈಯಲಿಲ್ಲ. "ಇದು ಏನು ಅಂತ ನಂಗೂ ಗೊತ್ತಿಲ್ಲ, ನಿಂಗಂತೂ ಗೊತ್ತಾಗಲ್ಲ. ನಿದ್ದೆ ಕೆಟ್ರೂ ಹೀಗಾಗುತ್ತೆ, ಥೈರಾಯ್ಡ್ ಇದ್ರೂ ಆಗುತ್ತೆ, ರಕ್ತದಲ್ಲಿ ಏನೋ ಕಮ್ಮಿಯಾದ್ರೂ ಆಗುತ್ತೆ. ವಾಸಿಯಾಗೋದೂ ಇರಬಹುದು, ಆಗದಿರೋದೂ ಇರಬಹುದು. ನೋಡಬೇಕಾದವರು ಡಾಕ್ಟ್ರು. ಆದ್ರೆ ನೀನು ಹೇಳಿಕೊಡ್ತಾ ಹೋದ್ರೆ ಅವರಿಗೂ ಏನೂ ಕಾಣಿಸಲ್ಲ" ಎಂದರು. ಅಮ್ಮ, ನಿನಗೆ ಒಳ್ಳೆಯದಾಗಲಿ ಎಂದು ನಾನು ಮಾಡುತ್ತಿದ್ದದ್ದು ನಿನ್ನ ಕಾಯಿಲೆಯನ್ನು ಡಾಕ್ಟರ ಕಣ್ಣಿಗೆ ಬೀಳದ ಹಾಗೆ ಬಚ್ಚಿಡುವ ಕೆಲಸ.

ಅದಕ್ಕೇ ಹೇಳುತ್ತಿದ್ದೇನೆ. ಇನ್ನು ಪದಗಳ ಆಟ ಇಲ್ಲ. ನಾಳೆ ಬೆಳಿಗ್ಗೆ ನೀನು ಇಂಜಿನ್ ಹತ್ತಬೇಡ. ಇವತ್ತೇ ಶೆಡ್ಡಿನ ಮುಖ್ಯಸ್ಥರಿಗೆ ನೀನೇ ಫೋನು ಮಾಡಿ, ನನಗೆ ಹುಷಾರಿಲ್ಲ, ತಪಾಸಣೆ ಆಗುವವರೆಗೆ ಓಡಿಸುವುದಿಲ್ಲ ಎಂದು ಹೇಳು. ನಿನ್ನ ಬಾಯಿಂದಲೇ ಬಂದರೆ ಅದಕ್ಕೊಂದು ಮರ್ಯಾದೆ. ನೀನು ಹೇಳದಿದ್ದರೆ ನಾನು ಹೇಳುತ್ತೇನೆ. ಈ ವಾಕ್ಯವನ್ನು ನಾನು ಅಳಿಸುವುದಿಲ್ಲ. ನೀನು ನನ್ನ ಮುಖ ನೋಡದೆ ಹೋಗಬಹುದು. ನಾನು ಓದಿಸಿದ ವಿದ್ಯೆಯನ್ನು ನನ್ನ ಮೇಲೇ ತಿರುಗಿಸಿದಳು ಎಂದು ದೊಡ್ಡಮ್ಮನ ಹತ್ತಿರ ಹೇಳಿಕೊಳ್ಳಬಹುದು. ಹೇಳಿಕೋ. ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ, ನನ್ನ ಜೊತೆ ಬಂದರೆ ಸಾಕು. ದಾರಿಯುದ್ದಕ್ಕೂ ಬೈಯುತ್ತಲೇ ಬಾ.

ನನಗೆ ಭಯವಾಗುತ್ತಿದೆ. ಕಾಯಿಲೆ ವಾಸಿಯಾಗದ್ದೇ ಆಗಿದ್ದರೆ ಎಂದು ಭಯ. ಏನೂ ಇಲ್ಲ ಎಂದಾದರೆ ನಿನ್ನ ಹೆಸರಿಗೆ ಸುಮ್ಮನೆ ಮಸಿ ಬಳಿದೆನಲ್ಲ ಎಂದು ಭಯ. ಪುಸ್ತಕದಲ್ಲಿ ಇದಕ್ಕೆಲ್ಲ ಹೆಸರುಗಳಿವೆ, ಓದಿ ಒಂದಿಷ್ಟೂ ಧೈರ್ಯ ಬರಲಿಲ್ಲ. ಒಂದು ಮಾತು ಮಾತ್ರ ಗೊತ್ತು. ನೀನು ಇಂಜಿನ್ ಬಿಟ್ಟರೂ, ನನ್ನ ಹೆಸರನ್ನೇ ಮರೆತರೂ, ಕುದುರೆಯ ಜೋಕನ್ನು ದಿನಕ್ಕೆ ನೂರು ಸಲ ಹೇಳಿದರೂ ನಿನ್ನ ಪಕ್ಕದ ಸೀಟಿನಲ್ಲಿ ನಾನಿರುತ್ತೇನೆ. ನೋಡಿಯೇ ಹೇಳುತ್ತೇನೆ.

ಸಂಜೆ ಇದನ್ನು ನಿನ್ನ ಕೈಗಿತ್ತು ಅಡುಗೆಮನೆಯಲ್ಲಿ ಕಾಯುತ್ತಿರುತ್ತೇನೆ. ಓದಿ ಮುಗಿಸಿ, ಸಿಟ್ಟಿದ್ದರೆ ಮೊದಲು ಸಿಟ್ಟು ತೀರಿಸಿಕೋ. ಆಮೇಲೆ ಯಾವಾಗಲೂ ಮಾಡುವ ಹಾಗೆ ನನ್ನ ತಲೆಯ ಮೇಲೆ ಕೈ ಇಟ್ಟು ಒಳ್ಳೆಯದಾಗಲಿ ಎನ್ನು. ನಿನಗೂ ಒಳ್ಳೆಯದೇ ಆಗಲಿ, ನನ್ನಮ್ಮ.

ಈ ಸಲ ನಾನೇ ಮೊದಲು ಕೂಗುತ್ತಿದ್ದೇನೆ. ನೀನು ಎರಡನೆಯವಳು. ನನ್ನ ಮಾತು ಕೇಳಿ ಹೇಳಬೇಡ, ನೋಡಿ ಹೇಳು.

ಕೆಂಪು, ಅಮ್ಮ.

ಇತಿ, ನಿನ್ನ ಉತ್ತರಕ್ಕೆ ಕಿವಿಗೊಟ್ಟು ಕೂತಿರುವ
ನಿನ್ನ ಮಗಳು