ಡಿಕ್ಕಿಯಲ್ಲಿ ಕೂತಿರುವ ಚುನಾವಣೆಯ ಬಗ್ಗೆ

ಮಾನ್ಯ ಚುನಾವಣಾಧಿಕಾರಿಗಳೇ,

ನಮ್ಮ ಕನ್ನಡ ಸಂಘದ ಅಧ್ಯಕ್ಷರ ಆಯ್ಕೆಗೆ ನೀವು ಅಂಚೆಯಲ್ಲಿ ಕಳುಹಿಸಿದ ಮತಪತ್ರಗಳು ನನ್ನ ಗಂಡನ ಕಾರಿನ ಡಿಕ್ಕಿಯಲ್ಲಿವೆ. ಬಾಸ್ಮತಿ ಅಕ್ಕಿಯ ಚೀಲವೊಂದರಲ್ಲಿ, ಸ್ಟೆಪ್ನಿಯ ಮೇಲೆ, ಬಾಯಿ ಕಟ್ಟಿದ ಹಾಗೆಯೇ ಇವೆ. ಇದನ್ನು ನಿಮಗೆ ಫೋನಿನಲ್ಲಿ ಹೇಳಿದೆವು. "ಸಿಸ್ಟಮ್‌ನಲ್ಲಿ ಡೆಲಿವರ್ಡ್ ಅಂತ ತೋರಿಸ್ತಾ ಇದೆಯಲ್ಲ" ಎಂದು ಇಟ್ಟುಬಿಟ್ಟಿರಿ. ಮೊನ್ನೆ ವಾಟ್ಸಾಪ್ ಗುಂಪಿನಲ್ಲಿ, ಮತದಾನ ಶೇಕಡಾ ಒಂದನ್ನೂ ಮುಟ್ಟಲಿಲ್ಲ, ಸದಸ್ಯರ ನಿರಾಸಕ್ತಿ ಕಂಡು ಕಣ್ಣು ತುಂಬಿ ಬಂತು ಎಂದು ಬರೆದಿದ್ದೀರಿ. ಕಣ್ಣು ಒರೆಸಿಕೊಳ್ಳಿ. ಸದಸ್ಯರಿಗೆ ಆಸಕ್ತಿ ಇದೆ, ಮತಪತ್ರ ಇಲ್ಲ ಅಷ್ಟೆ.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ಹೆಸರು ಮೆಟಿಲ್ಡಾ, ಅಬುಧಾಬಿಯ ಬನಿಯಾಸ್‌ನಲ್ಲಿ ಮನೆ, ಆಸ್ಪತ್ರೆಯೊಂದರಲ್ಲಿ ನರ್ಸ್. ಕಣದಲ್ಲಿರುವ ಇಬ್ಬರಲ್ಲಿ ಒಬ್ಬರಾದ ನಾರ್ಬರ್ಟ್ ಅವರ ಹೆಂಡತಿ. ಹಾಗಾಗಿ ನಾನು ಪಕ್ಷಪಾತಿ ಎಂದು ನೀವು ಹೇಳಬಹುದು. ಹೇಳಿ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಹೆಂಡತಿ ಗಂಡನ ಪಕ್ಷದಲ್ಲೇ ಇರುತ್ತಾಳೆ ಎಂದು ನಂಬುವಷ್ಟು ಒಳ್ಳೆಯ ಮನಸ್ಸು ನಿಮ್ಮದಾದರೆ ನನಗೆ ಸಂತೋಷವೇ.

ಅಂಚೆ ಮತದಾನದ ಈ ಯೋಚನೆ ನಿಮಗೆ ಎಲ್ಲಿ ಹೊಳೆಯಿತು ಎಂದು ಎಲ್ಲರಿಗೂ ಗೊತ್ತಿದೆ, ಏಕೆಂದರೆ ಮೂರು ಸಭೆಗಳಲ್ಲಿ ನೀವೇ ಹೇಳಿದ್ದೀರಿ. ನ್ಯೂಜೆರ್ಸಿಯ ನಿಮ್ಮ ಭಾವ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಕಾಫಿ ಕುಡಿಯುತ್ತಾ, ಆ ದೊಡ್ಡ ದೇಶದ ಅಧ್ಯಕ್ಷರಿಗೆ ಮತ ಹಾಕಿ, ಲಕೋಟೆಗೆ ಅಂಟು ಹಚ್ಚಿ, ಗೇಟಿನ ಹತ್ತಿರದ ಡಬ್ಬಿಯಲ್ಲಿ ಹಾಕಿ ಬಂದರು. "ಅಮೆರಿಕದ ಅಧ್ಯಕ್ಷರನ್ನೇ ಅಂಚೆಯಲ್ಲಿ ಆರಿಸಬಹುದಾದರೆ ನಮ್ಮದೇನು ಮಹಾ?" ಎಂದಿರಿ. ಚಪ್ಪಾಳೆಯೂ ಬಿತ್ತು. ಸ್ವಾಮೀ, ನ್ಯೂಜೆರ್ಸಿಯಲ್ಲಿ ಮನೆಗೆ ಪೋಸ್ಟ್‌ಮ್ಯಾನ್ ಬರುತ್ತಾನೆ. ಬನಿಯಾಸ್‌ನ ನಮ್ಮ ಮನೆಗೆ ಯಾರು ಬರುತ್ತಾರೆ? ನಮ್ಮ ವಿಳಾಸ 'ಗ್ರೋಸರಿಯ ಹಿಂದೆ ನೀಲಿ ಗೇಟು'. ಬಿರಿಯಾನಿ ತರುವವನು ಆ ಗೇಟಿನ ಮುಂದೆಯೇ ನಿಂತು "ಲೊಕೇಶನ್ ಭೇಜೋ ಮೇಡಮ್" ಎನ್ನುತ್ತಾನೆ. ಈ ದೇಶದಲ್ಲಿ ನಮ್ಮಂಥವರಿಗೆ ಕಾಗದ ಬರುವುದು ಪಿ.ಒ. ಬಾಕ್ಸ್‌ಗೆ, ಆ ಬಾಕ್ಸ್ ನಾವು ದುಡಿಯುವ ಕಂಪನಿಯದು, ಅದರ ಬೀಗದ ಕೈ ಕಂಪನಿಯ ಕ್ಲಾರ್ಕ್‌ನದು. ನಿಮ್ಮದೂ ಹಾಗೆಯೇ ಅಲ್ಲವೇ? ಇಷ್ಟು ವರ್ಷ ಇಲ್ಲಿದ್ದು ನಿಮಗದು ಮರೆತುಹೋಯಿತೇ, ಅಥವಾ ನ್ಯೂಜೆರ್ಸಿಯಿಂದ ವಾಪಸ್ ಬರುವ ವಿಮಾನದಲ್ಲಿ ಎಲ್ಲೋ ಉದುರಿಹೋಯಿತೇ?

ಈಗ ನಮ್ಮೆಲ್ಲರ ಮೂರ್ಖತನಕ್ಕೆ ಬರುತ್ತೇನೆ. ಸಂಘ ಹುಟ್ಟಿದಾಗ ಸದಸ್ಯತ್ವದ ಅರ್ಜಿಯಲ್ಲಿ ಪಿ.ಒ. ಬಾಕ್ಸ್ ಎಂಬ ಕಲಮು ಇತ್ತು. ಅದನ್ನು ಖಾಲಿ ಬಿಟ್ಟರೆ ಅರ್ಜಿ ವಾಪಸ್. ಹೊಸದಾಗಿ ಬಂದವರಿಗೆ ಬಾಕ್ಸ್ ಇರಲಿಲ್ಲ, ಗಂಡನ ವೀಸಾದಲ್ಲಿದ್ದ ಹೆಂಗಸರಿಗೆ ಮೊದಲೇ ಇರಲಿಲ್ಲ, ಇದ್ದವರಿಗೆ ಊರಿನ ಕಾಗದ ಮ್ಯಾನೇಜರನ ಮೇಜಿನ ಮೇಲೆ ಬೀಳುವುದು ಇಷ್ಟವಿರಲಿಲ್ಲ. ಮುಸಾಫದ ಏಸಿ ಕಂಪನಿಯೊಂದರಲ್ಲಿ ಟಪಾಲು ನೋಡಿಕೊಳ್ಳುತ್ತಿದ್ದ ನಾರ್ಬರ್ಟ್, "ನನ್ನ ಬಾಕ್ಸ್ ನಂಬರ್ ಬರೀರಿ ಮಾರಾಯ್ರೆ, ನಾನು ತಂದು ಕೊಡ್ತೇನೆ" ಎಂದರು. ಎಲ್ಲರೂ ಬರೆದರು. ಅಬುಧಾಬಿಯವರೂ ಬರೆದರು, ದುಬೈನ ಕರಾಮದವರೂ ಬರೆದರು. ಶುಕ್ರವಾರದ ಸಭೆ ಮುಗಿದ ಮೇಲೆ ನಾರ್ಬರ್ಟ್ ಕುರ್ಚಿಯ ಮೇಲೆ ನಿಂತು ಒಂದೊಂದೇ ಹೆಸರು ಕೂಗಿ ಕಾಗದ ಹಂಚುತ್ತಿದ್ದರು. ಮದುವೆಯ ಕರೆಯೋಲೆ, ಮಕ್ಕಳ ಮಾರ್ಕ್ಸ್ ಕಾರ್ಡು, ತಾಯಂದಿರ ಪತ್ರ. ಸಭೆಗೆ ಬಾರದವರ ಮನೆಗೆ ಹೋಗಿ ಕೊಟ್ಟು ಬರುತ್ತಿದ್ದರು. ಆಮೇಲೆ ಮೊಬೈಲ್ ಬಂತು, ಕಾಗದ ನಿಂತಿತು. ಅರ್ಜಿಯಲ್ಲಿದ್ದ ನಂಬರನ್ನು ಬದಲಾಯಿಸಬೇಕೆಂದು ಒಬ್ಬರನ್ನು ಬಿಟ್ಟು ಯಾರಿಗೂ ಅನ್ನಿಸಲಿಲ್ಲ.

ನೀವು ಆ ಹಳೆಯ ಅರ್ಜಿಗಳನ್ನು ತೆಗೆದು, ಅದರಲ್ಲಿದ್ದ ವಿಳಾಸಕ್ಕೇ ಮತಪತ್ರ ಕಳುಹಿಸಿದಿರಿ. ಅಂಚೆಯವರು ಅಚ್ಚುಕಟ್ಟಾಗಿ ತಮ್ಮ ಕೆಲಸ ಮಾಡಿದರು. ಸಂಘದ ಹೆಚ್ಚುಕಡಿಮೆ ಎಲ್ಲ ಮತಗಳೂ ಒಬ್ಬ ಅಭ್ಯರ್ಥಿಯ ಬಾಕ್ಸ್‌ಗೆ ಬಂದು ಬಿದ್ದವು. ಬಾಕ್ಸ್ ತುಂಬಿ ಬಾಗಿಲು ಹಾಕಲಾಗದೆ ಕಂಪನಿಗೆ ಫೋನ್ ಬಂತು. ಡ್ರೈವರ್ ಚೀಲದಲ್ಲಿ ತುಂಬಿ ತಂದ. ಮ್ಯಾನೇಜರ್ ನೋಡಿ, "ಯಲ್ಲಾ ನಾರ್ಬರ್ಟ್, ಬೇಗ ಇದನ್ನು ಇಲ್ಲಿಂದ ತೆಗಿ" ಎಂದ. ಡ್ರೈವರನೇ ಡಿಕ್ಕಿಯಲ್ಲಿ ಇಟ್ಟ. ಈ ಚುನಾವಣೆಯಲ್ಲಿ ಇದಕ್ಕಿಂತ ಮುಂದೆ ಯಾರೂ ಒಂದು ಹೆಜ್ಜೆ ಇಟ್ಟಿಲ್ಲ.

ಏಕೆಂದರೆ ನಿಮ್ಮ ಏಳನೆಯ ನಿಯಮ. 'ಅಭ್ಯರ್ಥಿಯಾಗಲಿ, ಅವರ ಕುಟುಂಬದವರಾಗಲಿ ಇತರರ ಮತಪತ್ರವನ್ನು ಮುಟ್ಟತಕ್ಕದ್ದಲ್ಲ.' ಬೇರೆ ಗಂಡಸಾಗಿದ್ದರೆ ಇಂಥ ಚೀಲ ಸಿಕ್ಕಿದ ದಿನವೇ ಅಧ್ಯಕ್ಷನಾಗಿಬಿಡುತ್ತಿದ್ದ. ನನ್ನದು ನಾರ್ಬರ್ಟ್. ಡಿಕ್ಕಿಯ ಬಾಗಿಲಿಗೆ ಅಡ್ಡಡ್ಡ ಟೇಪು ಸುತ್ತಿ, ಟೇಪಿನ ಮೇಲೆ ಸಹಿ ಹಾಕಿದರು. ಅಂದಿನಿಂದ ಮಾರುಕಟ್ಟೆಯಿಂದ ಬರುವಾಗ ಮೀನಿನ ಚೀಲ ನನ್ನ ತೊಡೆಯ ಮೇಲೆ. ಮಗಳು ಡೆಲ್ಫಿನ್ ಹಿಂದಿನ ಸೀಟಿನಲ್ಲಿ ಈರುಳ್ಳಿಯ ಜೊತೆ ಕೂತು, "ಮಮ್ಮಾ, ದಿಸ್ ಈಸ್ ನಾಟ್ ಈವನ್ ಅ ರಿಯಲ್ ಎಲೆಕ್ಷನ್" ಎಂದಳು. ನಾನು ಅವಳಿಗೆ ಬೈದೆ. ಬೈದು ಮುಗಿಸಿದ ಮೇಲೆ, ಇವಳು ಹೇಳಿದ್ದರಲ್ಲಿ ತಪ್ಪೇನಿದೆ ಎಂದೂ ಅನ್ನಿಸಿತು.

ಘಂತೂತ್ ಹತ್ತಿರ ನಡೆದದ್ದು ನಿಮ್ಮ ಕಿವಿಗೂ ಬಿದ್ದಿರಬೇಕು. ಕರಾಮದಿಂದ ವಾಪಸ್ ಬರುವಾಗ ಹೈವೇಯಲ್ಲಿ ಟಯರ್ ಪಂಕ್ಚರ್. ನೆತ್ತಿ ಸುಡುವ ಮಧ್ಯಾಹ್ನ. ಸ್ಟೆಪ್ನಿ ಚೀಲದ ಅಡಿಯಲ್ಲಿದೆ. ಡಿಕ್ಕಿ ತೆಗೆಯಿರಿ ಎಂದೆ. ಇಬ್ಬರೂ ಅಭ್ಯರ್ಥಿಗಳ ಸಮಕ್ಷಮ ಇಲ್ಲದೆ ತೆಗೆಯುವ ಹಾಗಿಲ್ಲ ಎಂದು ಎದುರಾಳಿಗೇ ಫೋನ್ ಮಾಡಿದರು. "ಬಾಳಪ್ಪಣ್ಣ, ಸ್ವಲ್ಪ ಘಂತೂತ್ ತನಕ ಬರ್ತೀರಾ? ಪಂಕ್ಚರ್ ಆಗಿದೆ. ಸ್ಟೆಪ್ನಿ ಉಂಟು, ಆದ್ರೆ ಚುನಾವಣೆ ಅದ್ರ ಮೇಲೆ ಕೂತಿದೆ." ಎಂಜಿನಿಯರ್ ಬಾಳಪ್ಪನವರು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಿಂದ ಹೆಂಡತಿ ಮಹಾದೇವಿಯನ್ನೂ ಕರೆದುಕೊಂಡು, ನಮಗೆ ಕುಡಿಯಲು ಮಜ್ಜಿಗೆ ತೆಗೆದುಕೊಂಡು ಬಂದರು. ಟೇಪು ಕಿತ್ತದ್ದಾಯಿತು. ಆಮೇಲೆ ನಾಲ್ವರೂ ಚೀಲವನ್ನು ನೋಡುತ್ತಾ ನಿಂತೆವು.

"ನೀವು ಮುಟ್ಟಂಗಿಲ್ಲ, ನಾನೂ ಮುಟ್ಟಂಗಿಲ್ಲ. ಇವರಿಬ್ಬರೂ ಮನೀಯವರು, ಅವರೂ ಮುಟ್ಟಂಗಿಲ್ಲ. ಮತ್ತ ಚೀಲ ಇಳಸೋರು ಯಾರ್ರೀ?" ಎಂದರು ಬಾಳಪ್ಪನವರು.

ಕೊನೆಗೆ ಒಬ್ಬ ಪಠಾಣ ಲಾರಿ ನಿಲ್ಲಿಸಿ ಇಳಿದು ಬಂದ. ಚೀಲದಲ್ಲಿ ಏನು ಎಂದು ಕೇಳಿದ. "ವೋಟ್" ಎಂದರು ನಾರ್ಬರ್ಟ್. "ಕಿಸ್ಕಾ?" ಎಂದ. "ಮೇರಾ ಭೀ ಹೈ, ಇನ್ಕಾ ಭೀ ಹೈ." ಅವನು ನಾಲ್ವರ ಮುಖವನ್ನೂ ಒಮ್ಮೆ ನೋಡಿ, ಬಿಸಿಲಿಗೆ ತಲೆ ಕೆಟ್ಟವರು ಎಂದುಕೊಂಡಿರಬೇಕು, ಚೀಲ ಇಳಿಸಿ, ಟಯರ್ ಬದಲಾಯಿಸಿ, ಚೀಲವನ್ನು ಮತ್ತೆ ಏರಿಸಿ, ಮಜ್ಜಿಗೆ ಕುಡಿದು ಹೋದ. ನಮ್ಮ ಸಂಘದ ಚುನಾವಣೆಯಲ್ಲಿ ಈವರೆಗೆ ಕೆಲಸ ಮಾಡಿದ ನಿಷ್ಪಕ್ಷಪಾತಿ ಅಧಿಕಾರಿ ಅವನೊಬ್ಬನೇ ಎಂದು ನಿಮಗೆ ವಿನಯಪೂರ್ವಕವಾಗಿ ತಿಳಿಸುತ್ತೇನೆ.

ಇಷ್ಟಾದ ಮೇಲೂ ನೀವು ಎಣಿಕೆ ಮಾಡಿದಿರಿ. ಏನು ಎಣಿಸಿದಿರಿ? ಬಾಳಪ್ಪನವರಿಗೆ ಆಮೇಲೆ ಸ್ವಂತ ಆಫೀಸು, ಸ್ವಂತ ಬಾಕ್ಸ್ ಆಯಿತು, ಅರ್ಜಿಯಲ್ಲಿ ನಂಬರ್ ಬದಲಾಯಿಸಿದವರು ಅವರೊಬ್ಬರೇ. ಹಾಗಾಗಿ ಇಡೀ ಸಂಘದಲ್ಲಿ ಮತಪತ್ರ ಕೈಗೆ ಸಿಕ್ಕಿದ್ದು ಅವರಿಗೆ ಮತ್ತು ಮಹಾದೇವಿಗೆ ಮಾತ್ರ. ಅವೆರಡೇ ನಿಮಗೆ ತಲುಪಿದವು. ಲಕೋಟೆ ಒಡೆದು, ಫೋಟೋ ತೆಗೆಸಿಕೊಂಡು, ಫಲಿತಾಂಶ ಪ್ರಕಟಿಸಿದಿರಿ: ಬಾಳಪ್ಪ ಒಂದು, ನಾರ್ಬರ್ಟ್ ಒಂದು. ಸಮ.

ಆ ಮನೆಯಲ್ಲಿ ಆ ಸಂಜೆ ಏನಾಗಿರಬಹುದು ಎಂದು ನಿಮಗೆ ಒಂದು ಕ್ಷಣವಾದರೂ ಹೊಳೆಯಿತೇ? ಮಹಾದೇವಿ ಮರುದಿನ ಫೋನ್ ಮಾಡಿದಳು. "ಮೂರು ಹೊತ್ತಾತ್ರೀ ಅಕ್ಕಾರ, ಚಹಾ ಬೇಕಂದ್ರ ಕಪ್ ಮುಂದ ಇಡ್ತಾರ, ಬಾಯಿ ಬಿಡಂಗಿಲ್ಲ. ಗುಪ್ತ ಮತದಾನ ಅಂತಾರ. ಇಬ್ಬರೊಳಗ ಏನ್ ಗುಪ್ತ ಉಳೀತೈತ್ರೀ?" ಅವಳು ಹೊಸದಾಗಿ ಬಂದ ವರ್ಷ, ಕೂಸಿಗೆ ಜ್ವರವೆಂದು ಸಭೆಗೆ ಬಂದಿರಲಿಲ್ಲ. ಧೂಳುಗಾಳಿಯಲ್ಲಿ ನಾರ್ಬರ್ಟ್ ಅವಳ ತಾಯಿಯ ಪತ್ರವನ್ನು ಮನೆ ಬಾಗಿಲಿಗೆ ತಂದುಕೊಟ್ಟಿದ್ದರು. "ನಮ್ಮವ್ವ ಹೋಗೂಕಿಂತ ಮೊದಲ ಬರಸಿದ್ದ ಕಡೀ ಪತ್ರ ಅದು. ತಂದುಕೊಟ್ಟವ್ರಿಗೆ ನಾ ಒಂದು ವೋಟು ಹಾಕಬಾರದೇನ್ರೀ? ಇದನ್ನೂ ಬರೀರಿ ಅಕ್ಕಾರ, ಹೆಂಗೂ ಊರಿಗೆಲ್ಲಾ ಗೊತ್ತಾಗೇತಿ" ಎಂದಳು. ಬರೆದಿದ್ದೇನೆ. ಬಾಳಪ್ಪನವರೇ, ನೀವೂ ಇದನ್ನು ಓದುತ್ತಿದ್ದರೆ ದಯವಿಟ್ಟು ಅವಳೊಂದಿಗೆ ಮಾತಾಡಿ.

ಸಮ ಬಂದದ್ದಕ್ಕೆ ಈಗ ನೀವು ಚೀಟಿ ಎತ್ತುತ್ತೀರಂತೆ, ಬರುವ ಶುಕ್ರವಾರ. ಇದನ್ನು ಕೇಳಿಯೇ ನಾನು ಪೆನ್ನು ಹಿಡಿದದ್ದು. ನಿಮಗೆ ಹಳೆಯ ಕತೆಗಳು ಗೊತ್ತಿಲ್ಲದಿರಬಹುದು, ಕೇಳಿ. ನಾರ್ಬರ್ಟ್ ಮೊದಲ ಸಲ ನಿಂತಾಗ ಕೈ ಎತ್ತುವ ಪದ್ಧತಿ. ಶಾಲೆಯ ಹಾಲ್‌ನಲ್ಲಿ ಊಟದ ಹೊತ್ತಿಗೆ ಮತ ಎಣಿಸಿದರು. ಇವರು ಸಾಂಬಾರು ಬಡಿಸುತ್ತಿದ್ದರು. ಇವರ ಸಾಂಬಾರು ಬಿದ್ದವರ ಬಲಗೈ ಅನ್ನದಲ್ಲಿ, ಎಡಗೈ ತಟ್ಟೆಯಡಿ. ಇನ್ನೂ ಸಾಂಬಾರು ಸಿಗದವರ ಕೈ ಮಾತ್ರ ಖಾಲಿ ಇತ್ತು, ಅವರು ಸಿಟ್ಟಿನಲ್ಲಿ ಎದುರಾಳಿಗೆ ಎತ್ತಿದರು. ಎರಡನೆಯ ಸಲ ಗುಪ್ತ ಮತದಾನ. ಮತಪೆಟ್ಟಿಗೆಯೆಂದು ಕ್ಯಾಮಿಲಸ್ ಎಂಬ ಸದಸ್ಯರ ಸೂಟ್‌ಕೇಸ್ ತಂದಿದ್ದರು. ಎಣಿಕೆ ನಾಳೆಗೆ ಎಂದದ್ದು ಅವರಿಗೆ ಕೇಳಿಸಲಿಲ್ಲ, ಅದರಲ್ಲೇ ಬಟ್ಟೆ ತುಂಬಿಕೊಂಡು ರಜೆಗೆ ಹೊರಟರು. ನಮ್ಮ ಮತಗಳು ಬಜ್ಪೆ ಕಸ್ಟಮ್ಸ್ ದಾಟಿ, ಒಂದು ತಿಂಗಳು ಊರಿನಲ್ಲಿದ್ದು, ಮಾವಿನ ಮಿಡಿ ಉಪ್ಪಿನಕಾಯಿಯ ಜೊತೆ ವಾಪಸ್ ಬಂದವು. ಮತಚೀಟಿಯಲ್ಲಿ ನಾರ್ಬರ್ಟ್ ಹೆಸರು ಕೆಳಗಿತ್ತು. ರಸ ಹತ್ತಿದ್ದು ಕೆಳಗೇ, ಅವರಿಗೆ ಬಿದ್ದ ಮತಗಳೆಲ್ಲ ಅಸಿಂಧು. ಮೂರನೆಯ ಸಲ ಕೊರೊನಾ. ಕಂಪ್ಯೂಟರಿನಲ್ಲಿ ಸಭೆ. ಇವರು ಕೋಟು ತೊಟ್ಟು ಪೂರ್ತಿ ಭಾಷಣವನ್ನು ಮ್ಯೂಟ್‌ನಲ್ಲಿ ಮಾಡಿದರು. ಎಲ್ಲರೂ ಕೈಬೀಸಿ ಅದನ್ನೇ ಹೇಳುತ್ತಿದ್ದರೆ, ಜನ ಬೆಂಬಲಿಸುತ್ತಿದ್ದಾರೆಂದು ಇನ್ನಷ್ಟು ಉತ್ಸಾಹದಿಂದ ಮಾತಾಡಿದರು.

ಹೀಗೆ ನನ್ನ ಗಂಡ ಸಾಂಬಾರಿಗೆ ಸೋತಿದ್ದಾರೆ, ಉಪ್ಪಿನಕಾಯಿಗೆ ಸೋತಿದ್ದಾರೆ, ಒಂದು ಮ್ಯೂಟ್ ಗುಂಡಿಗೆ ಸೋತಿದ್ದಾರೆ. ಮನುಷ್ಯರಿಗೆ ಇನ್ನೂ ಸೋತಿಲ್ಲ. ಮುಂದಿನ ವರ್ಷ ಅವರ ನಿವೃತ್ತಿ, ವೀಸಾ ಖಲಾಸ್, ನಾವು ಊರಿಗೆ. ಅಧ್ಯಕ್ಷರ ಅವಧಿಯೂ ಒಂದೇ ವರ್ಷ. ಇದು ಅವರು ನಿಲ್ಲಬಹುದಾದ ಕೊನೆಯ ಚುನಾವಣೆ. ಯಾಕೆ ಇಷ್ಟು ಹಟ ಎಂದು ಮೊನ್ನೆ ಊಟ ಮಾಡುವಾಗ ಕೇಳಿದೆ. ನಾವು ಮನೆಯಲ್ಲಿ ಕೊಂಕಣಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಇಷ್ಟು ವರ್ಷ ಎಲ್ಲರ ಹೆಸರು ನಾನು ಕೂಗಿದ್ದೇನೆ. ಒಂದು ಸಲ ನನ್ನ ಹೆಸರಿಗೆ ಎಷ್ಟು ಜನ ಅಂತ ನೋಡಬೇಕು ಮೆಟಿಲ್ಡಾ. ಕಮ್ಮಿ ಇದ್ದರೂ ಅಡ್ಡಿಲ್ಲ" ಎಂದರು. ಆ ಮನುಷ್ಯನ ಇಡೀ ಗಲ್ಫ್ ಜೀವನಕ್ಕೆ ನೀವು ಡಬ್ಬಿಯೊಳಗಿನ ಎರಡು ಚೀಟಿಯಲ್ಲಿ ಉತ್ತರ ಹೇಳುತ್ತೀರಾ?

ಆದ್ದರಿಂದ ಚೀಟಿ ಎತ್ತುವುದನ್ನು ನಿಲ್ಲಿಸಿ. ಏಳನೆಯ ನಿಯಮವನ್ನು ಒಂದು ಗಂಟೆಯ ಮಟ್ಟಿಗೆ ಮಡಚಿ ಜೇಬಿನಲ್ಲಿಟ್ಟುಕೊಳ್ಳಿ. ಶುಕ್ರವಾರ ಕರಾಮದ ಹಾಲ್‌ಗೆ ಎಲ್ಲರನ್ನೂ ಕರೆಯಿರಿ, ಒಂದು ಗಟ್ಟಿ ಕುರ್ಚಿ ಹಾಕಿಸಿ. ಆಗಿನಂತೆಯೇ ನಾರ್ಬರ್ಟ್ ಅದರ ಮೇಲೆ ನಿಂತು ಒಂದೊಂದೇ ಹೆಸರು ಕೂಗಿ ಲಕೋಟೆ ಕೊಡಲಿ. ಬಾಳಪ್ಪನವರು ಪಕ್ಕದಲ್ಲೇ ನಿಂತು ನೋಡಲಿ, ಬೇಕಾದರೆ ಚೀಲವನ್ನು ಅವರೇ ಹಿಡಿದುಕೊಳ್ಳಲಿ. ಜನ ಅಲ್ಲೇ ಗುರುತು ಹಾಕಲಿ, ಅಲ್ಲೇ ಎಣಿಸಿ. ಊಟ ಆಮೇಲೆ. ಅವರನ್ನು ಗೆಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಸೋಲಿಸುವುದಾದರೆ ಸರಿಯಾಗಿ ಸೋಲಿಸಿ, ಜನರ ಕೈಯಲ್ಲಿ ಸೋಲಿಸಿ. ನನ್ನ ಮತಪತ್ರವೂ ಅದೇ ಚೀಲದಲ್ಲಿದೆ. ಅದರಲ್ಲಿ ಯಾರ ಹೆಸರಿಗೆ ಗುರುತು ಹಾಕುತ್ತೇನೆ ಎಂದು ಅವರು ದಿನಕ್ಕೊಮ್ಮೆ ಕೇಳುತ್ತಾರೆ. ಕೊಟ್ಟ ಮೇಲೆ ನೋಡೋಣ ಎಂದಿದ್ದೇನೆ.

ಇಂತಿ, ಮತ ಚಲಾಯಿಸಲಾಗದೆ ಮೀನು ಮಾತ್ರ ತೊಡೆಯ ಮೇಲೆ ಹೊತ್ತು ತಿರುಗುತ್ತಿರುವ ತಮ್ಮ ಸದಸ್ಯೆ,

ಮೆಟಿಲ್ಡಾ
ಗ್ರೋಸರಿಯ ಹಿಂದೆ, ನೀಲಿ ಗೇಟು, ಬನಿಯಾಸ್

ಉತ್ತರ ಕೊಡುವುದಿದ್ದರೆ ಫೋನ್ ಮಾಡಿ. ಅಂಚೆಯಲ್ಲಿ ಕಳುಹಿಸಬೇಡಿ, ಡಿಕ್ಕಿಯಲ್ಲಿ ಜಾಗವಿಲ್ಲ.