ಎಲರುಣಿ ಅಂದ್ರೆ ಹಾವು, ಡಾಕ್ಟ್ರೇ

ಆಸ್ಪತ್ರೆಯ ಎರಡನೆಯ ಮಹಡಿ, ಕಿಟಕಿ ಪಕ್ಕದ ಹಾಸಿಗೆ
ಮಂಗಳವಾರ, ಊಟದ ತಟ್ಟೆ ತೆಗೆದುಕೊಂಡು ಹೋದ ಮೇಲೆ

ನನ್ನ ಪದಗಳ್ಳಿಗೆ,

ನನ್ನ ದೊಡ್ಡ ದನಿಗೆ ನೀನೇ ಹೆಸರಿಟ್ಟ ನಗಾರಿಯ ನಮಸ್ಕಾರ. ಇದನ್ನು ತಂದವನು ನಮ್ಮ ನಾಟಕ ಕಂಪನಿಯ ಬಣ್ಣದಣ್ಣ. ಅವನನ್ನು ಬಾಗಿಲಲ್ಲೇ ನಿಲ್ಲಿಸದೆ ಒಂದು ಲೋಟ ನೀರು ಕೊಡು, ಆಮೇಲೆ ಕೂತು ಕೊನೆಯವರೆಗೂ ಓದು. ಫೋನ್ ಮಾಡಬಹುದಿತ್ತು. ಆದರೆ ಮನೆ ಬಿಟ್ಟು ಆ ನಿಘಂಟು ಕಚೇರಿಯ ಊರಿಗೆ ಹೋದಂದಿನಿಂದ ನೀನು ನನ್ನ ಗಂಟಲು ಕೇಳಿದೊಡನೆ ಫೋನ್ ಇಟ್ಟುಬಿಡುತ್ತೀಯ. ಕಾಗದ ಕೂಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಲೆಯೊಳಗೆ, ಎಡಗಡೆ, ಒಂದು ಗಡ್ಡೆ ಬೆಳೆದಿದೆ. ಗುರುವಾರ ಬೆಳಿಗ್ಗೆ ತೆಗೆಯುತ್ತಾರೆ. ಮಾತು ಹುಟ್ಟುವ ಜಾಗದ ಮಗ್ಗುಲಲ್ಲೇ ಹೋಗಿ ಕೂತಿದೆ ಅದು. ಇಷ್ಟು ದೊಡ್ಡ ತಲೆಯಲ್ಲಿ ಪಾಪ ಬೇರೆಲ್ಲೂ ಸ್ಥಳ ಸಿಗಲಿಲ್ಲ. ಹಾಗಾಗಿ ಬುರುಡೆ ತೆರೆದ ಮೇಲೆ ನನ್ನನ್ನು ಎಚ್ಚರಗೊಳಿಸಿ ಮಾತಾಡಿಸುತ್ತಾರಂತೆ. ಸ್ಪೀಚ್ ಥೆರಪಿಸ್ಟ್ ಎಂಬ ಹೆಣ್ಣುಮಗಳು ಒಂದೊಂದೇ ಚಿತ್ರ ತೋರಿಸುತ್ತಾಳೆ, ನಾನು ಹೆಸರು ಹೇಳುತ್ತೇನೆ, ಡಾಕ್ಟರು ಮಿದುಳಿನ ಒಂದೊಂದು ಕಡೆ ಕರೆಂಟು ಮುಟ್ಟಿಸಿ ನೋಡುತ್ತಾರೆ. ನನ್ನ ಮಾತು ನೆಟ್ಟಗೆ ಬಂದರೆ ಅಲ್ಲಿ ಕತ್ತರಿಸಬಹುದು. ತಪ್ಪಿದರೆ ಕೈ ಹಿಂದಕ್ಕೆ. ಪ್ರಾಂಪ್ಟರ್ ಇಲ್ಲ, ಪರದೆ ಎಳೆಯುವ ಹಾಗಿಲ್ಲ. ಇಂಥ ರಂಗಕ್ಕೆ ನಾನು ಎಂದೂ ಇಳಿದಿರಲಿಲ್ಲ.

ನಿನ್ನೆ ಅದರ ರಿಹರ್ಸಲ್ ಆಯಿತು. ಕೊಡೆ ಎಂದೆ, ಬೀಗ ಎಂದೆ, ಏಣಿ ಎಂದೆ. ಆಮೇಲೆ ಆಕೆ ಹಾವಿನ ಚಿತ್ರ ಎತ್ತಿದಳು. ನನ್ನ ಬಾಯಿಂದ ಏನು ಬಂತೆಂದು ನಿನಗೆ ಬೇರೆ ಹೇಳಬೇಕೆ? ಎಲರುಣಿ. ಕೊನೆಯ ಸಾಲಿನವನಿಗೂ ಕೇಳಬೇಕು ಎನ್ನುವಂತೆ ಹೇಳಿದೆ. ಪಕ್ಕದ ಹಾಸಿಗೆಯ ಮೇಷ್ಟ್ರು ಎದ್ದು ಕೂತರು. "ಸರ್, ಇನ್ನೊಂದ್ಸಲ ಸರಿಯಾಗಿ ನೋಡಿ ಹೇಳಿ" ಎಂದಳು. ನೋಡಿ ಹೇಳಿದೆ, ಎಲರುಣಿ. ಆಕೆ ಒಂದು ತಪ್ಪು ಗುರುತು ಹಾಕಿಕೊಂಡಳು. ಚಂದ್ರನಿಗೆ ತಣ್ಗದಿರ ಎಂದೆ, ಅದಕ್ಕೂ ತಪ್ಪು. ಡಾಕ್ಟರು ಬಂದು ಗುರುತುಗಳನ್ನು ನೋಡಿ, "ಮಾತು ಆಗ್ಲೇ ಕೆಡೋಕೆ ಶುರುವಾಗಿದೆ" ಎಂದು ಆಕೆಗೆ ಹೇಳಿದರು, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

ನಾನು ಸುಮ್ಮನಿರುತ್ತೇನೆಯೇ? "ಎಲರುಣಿ ಅಂದ್ರೆ ಹಾವು, ಡಾಕ್ಟ್ರೇ. ಎಲರು ಅಂದ್ರೆ ಗಾಳಿ, ಗಾಳಿ ಉಣ್ಣೋದು ಎಲರುಣಿ" ಎಂದೆ. ಅವರು ನರ್ಸ್ ಕಡೆ ತಿರುಗಿ, ಇವರ ಮನೆಯವರು ಯಾರಾದರೂ ಬಂದಿದ್ದಾರಾ ಎಂದು ಕೇಳಿದರು.

ಅವರಿಗೆ ನಮ್ಮ ಅಡುಗೆಮನೆಯ ಆಟ ಗೊತ್ತಿಲ್ಲವಲ್ಲ. ಒಬ್ಬರು ಏನನ್ನಾದರೂ ತೋರಿಸಬೇಕು, ಇನ್ನೊಬ್ಬರು ಅದಕ್ಕೆ ಯಾರೂ ಆಡದ ಹೆಸರು ಹೇಳಬೇಕು, ಹೇಳಲಾಗದವರು ಪಾತ್ರೆ ತೊಳೆಯಬೇಕು. ಎಲರುಣಿ ಸಿಕ್ಕ ದಿನ ನೀನು ಚಪ್ಪಲಿ ಕೂಡ ಬಿಡದೆ ಒಳಗೆ ಬಂದಿದ್ದೆ. "ರೀ, ಕಣ್ಣು ಮುಚ್ಚಿ, ಕೈಯಲ್ಲಲ್ಲ, ಕಿವೀಲಿ ಇಸ್ಕೊಳ್ಳಿ" ಎಂದೆ ನೀನು. ಕೇಳಿದ ಮೇಲೆ ನಾನು ಸೌಟು ಹಿಡಿದು ಮನೆಯೆಲ್ಲ ಸುತ್ತಿದೆ. ಗಾಳಿಯನ್ನೇ ಅನ್ನ ಮಾಡಿಕೊಂಡು ಬದುಕುವ ಪ್ರಾಣಿ! ಆ ಪದ ಇಟ್ಟವನು ಹಾವನ್ನು ಕಂಡು ಹೆದರಿ ಓಡಲಿಲ್ಲ, ನಿಂತು ನೋಡಿದ ಎಂದು ನೀನು ಹೇಳಿದೆ. ಮರುದಿನವೇ ನಾನದನ್ನು ವೇದಿಕೆಯ ಮೇಲೆ ಹೊಡೆದು ಚಪ್ಪಾಳೆ ಗಿಟ್ಟಿಸಿದೆ. ಸಿಕ್ಕ ಪದವನ್ನು ನಾಲ್ಕು ದಿನ ಒಬ್ಬಳೇ ಇಟ್ಟುಕೊಳ್ಳಲೂ ಬಿಡುವುದಿಲ್ಲ ಈ ಮನುಷ್ಯ ಎಂದು ನೀನು ಮುನಿದೆ. ಆ ಜಗಳ ಹಾಗೇ ಇರಲಿ. ನಾನಿನ್ನೂ ಸೋಲು ಒಪ್ಪಿಕೊಂಡಿಲ್ಲ.

ಈಗ ಕಷ್ಟ ಕೇಳು. ಹಾವು ಕಂಡರೆ ಹಾವು ಎನ್ನಲು ಬೆಳಗಿನಿಂದ ಅಭ್ಯಾಸ ಮಾಡುತ್ತಿದ್ದೇನೆ. ಆದರೆ ತಲೆ ತೆರೆದಿಟ್ಟು ಮಲಗಿದಾಗ ನಾಲಿಗೆ ಯಾರ ಮಾತು ಕೇಳುತ್ತದೆ? ಥೆರಪಿಸ್ಟ್ ನನ್ನ ಹಾಸಿಗೆಯ ಅಂಚಿನಲ್ಲಿ ಕೂತು ಬಿಡಿಸಿ ಹೇಳಿದಳು, ಒಳ್ಳೆಯ ಹುಡುಗಿ. "ನೀವು ಹೇಳಿದ್ದು ಪದಾನೋ ಬರೀ ಸದ್ದೋ ನಂಗೆ ಹೇಗೆ ಗೊತ್ತಾಗ್ಬೇಕು ಸರ್? ನಾನು ಪುಸ್ತಕ ತಿರುವಿ ಹಾಕೋವರೆಗೂ ಡಾಕ್ಟ್ರು ಕಾಯೋಕಾಗಲ್ಲ." ನಿಜವಾದ ಪದವನ್ನು ಸದ್ದೆಂದುಕೊಂಡರೆ ಅಲ್ಲಿಗೇ ನಿಲ್ಲಿಸುತ್ತಾರೆ, ಅರ್ಧ ಗಡ್ಡೆ ಒಳಗೇ ಉಳಿದು ಮತ್ತೆ ಬೆಳೆಯುತ್ತದೆ. ಬರೀ ಸದ್ದನ್ನು ಹಳೆಯ ಪದವಿರಬೇಕು ಎಂದು ನಂಬಿದರೆ ಮುಂದೆ ಕತ್ತರಿಸುತ್ತಾರೆ. ಆಮೇಲೆ ನಗಾರಿಗೆ ಚರ್ಮವಿರುವುದಿಲ್ಲ.

ಈ ಪದಗಳು ಗೊತ್ತಿರುವವರೊಬ್ಬರನ್ನು ಒಳಗೆ ಕೂರಿಸಿಕೊಳ್ಳಲು ಡಾಕ್ಟರು ಒಪ್ಪಿದ್ದಾರೆ. ಹಸಿರು ಗೌನು ತೊಟ್ಟು, ಬಟ್ಟೆಯ ಮರೆಯಲ್ಲಿ ನನ್ನ ಮುಖದ ಹತ್ತಿರ ಕೂರಬೇಕು. ನಾನು ಬಾಯಿ ಬಿಟ್ಟಾಗಲೆಲ್ಲ "ಹೌದು" ಅಥವಾ "ಅಲ್ಲ" ಎನ್ನಬೇಕು, ಅಷ್ಟೆ. ಈ ಭೂಮಿಯ ಮೇಲೆ ಆ ಕೆಲಸ ಬರುವುದು ಒಬ್ಬಳಿಗೆ. ಮನೆಗೆ ಬಾ ಎಂದು ಕರೆಯುತ್ತಿಲ್ಲ. ಬುಧವಾರ ಸಂಜೆಯ ಬಸ್ಸಿಗೆ ಬಂದು, ಮುಗಿದ ಮೇಲೆ ನನ್ನ ಮುಖ ನೋಡದೆ ಹಿಂದಿರುಗಿದರೂ ಸರಿ. ಹೆದರಿಕೆಯಿಂದ ಬರೆದೆ ಎಂದುಕೊಳ್ಳಬೇಡ. ಪದಗಳೆಲ್ಲ ಒಳಗೆ ಭದ್ರವಾಗಿವೆ, ಒಂದೂ ಅಲುಗಿಲ್ಲ. ಇವರಿಗೆ ಅರ್ಥವಾಗುತ್ತಿಲ್ಲ, ತೊಂದರೆ ಅಷ್ಟೇ.

ಇಂತು, ಸದ್ಯಕ್ಕೆ ಮೆಲುದನಿಯಲ್ಲಿರುವ
ನಿನ್ನ ನಗಾರಿ

ತಾ.ಕ.: ಬಣ್ಣದಣ್ಣ ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಆದರೂ ಇದೊಂದು ಬರೆಯಲೇಬೇಕು. ಈ ಬೆಳಿಗ್ಗೆ ಲೋಟದ ನೀರಿನ ಮೇಲೆ ಕಿಟಕಿಯ ಬೆಳಕು ಅಲುಗುತ್ತಿತ್ತು. ಅದನ್ನು ನೋಡಿ "ನೆಳವಂಬಿಲೆ" ಎಂದೆ. ಎಷ್ಟು ಚೆಂದದ ಪದ, ಇದನ್ನು ನೀನು ಯಾವಾಗ ಕೊಟ್ಟಿದ್ದೆ ಎಂದು ಬಹಳ ಹೊತ್ತು ನೆನಪು ಮಾಡಿಕೊಂಡೆ. ಬಣ್ಣದಣ್ಣನ ಕೈಲಿ ನಿಮ್ಮ ಕಚೇರಿಯ ನಿಘಂಟಿನ ಸಂಪುಟಗಳನ್ನೆಲ್ಲ ಮನೆಯಿಂದ ತರಿಸಿ ಹುಡುಕಿದೆ. ಎಲ್ಲೂ ಇಲ್ಲ. ಯಾರಿಗೂ ಹೇಳಿಲ್ಲ. ಅದು ಇನ್ನೂ ನನಗೆ ಪದದ ಹಾಗೆಯೇ ಕೇಳಿಸುತ್ತಿದೆ ಕಣೇ.