ಗಂಗೋತ್ರಿಯ ಸಿಳ್ಳೆ

ಬಳ್ಳಾರಿ,
13 ಆಗಸ್ಟ್ 2024

ಪ್ರೀತಿಯ ಹೊನ್ನೂರಕ್ಕನಿಗೆ,

ತಂಗಿ ಹಂಪಮ್ಮನ ಶರಣು. ಯುಗಾದಿಗೆ ನೀನು ಬರೆದ ಕಾಗದಕ್ಕೆ ಶ್ರಾವಣದಲ್ಲಿ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ನಿಮ್ಮೂರ ಅಂಜಿನಿಯ ಕೈಯಲ್ಲಿ ಕಳಿಸಿದ ಅಕ್ಕಿ ಮುಟ್ಟಿತು. ಅನ್ನ ಉದುರುದುರಾಗಿ ಚೆನ್ನಾಗಿ ಆಗುತ್ತದೆ. ಫೋನು ಮಾಡಬಹುದಿತ್ತು, ಆದರೆ ನಾನು ಫೋನು ಹಿಡಿದರೆ ಸಾಕು, ನಮ್ಮ ಯಜಮಾನರು ಪೇಪರ್ ಮಡಚಿಟ್ಟು ಕಿವಿ ಇತ್ತ ತಿರುಗಿಸುತ್ತಾರೆ. ಈಗೀಗ ನನಗೆ ಅವರ ಮೇಲೂ ಅನುಮಾನ.

ನಮ್ಮ ಗಂಗೋತ್ರಿ ತೀರಿಕೊಂಡು ವರ್ಷ ಕಳೆಯಿತಲ್ಲ. ಕುರುಗೋಡಿನ ಶಾಲೆಗೆ ಪಾಠ ಹೇಳಲು ಸ್ಕೂಟಿಯಲ್ಲಿ ಹೊರಟ ಮಗಳು ದಾರಿಯಲ್ಲೇ ಮುಗಿದುಹೋದಳು. ಆಗಿನಿಂದ ಮಾತೇ ಬಿಟ್ಟಿದ್ದ ಇವರು, ಈ ಬೇಸಿಗೆಯಿಂದ ಭಾನುವಾರ ಬಂದರೆ ಇಸ್ತ್ರಿ ಅಂಗಿ ಹಾಕಿಕೊಂಡು ಬ್ರೂಸ್‌ಪೇಟೆಗೆ ಹೊರಡತೊಡಗಿದರು. ಅಲ್ಲಿ ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಚನ್ನಬಸವರಾಜ ಎಂಬ ನಿವೃತ್ತ ಮೇಷ್ಟರು ಕೂಟ ನಡೆಸುತ್ತಾರೆ. ಬರುವವರೆಲ್ಲ ಯಾರನ್ನಾದರೂ ಕಳೆದುಕೊಂಡವರೇ. ಮೇಷ್ಟರು ವಿಲಾಯಿತಿಯ ಗುಪ್ತವಿದ್ಯೆಯ ಪುಸ್ತಕಗಳನ್ನು ಅರೆದು ಕುಡಿದಿದ್ದಾರಂತೆ.

ಒಂದು ದಿನ ನಾನೂ ಹೋದೆ. "ಒಬ್ರು ನೆನಸಿದ್ರ ಅದು ಬರೇ ನೆನಪು ರೀ ಅಮ್ಮ. ಹತ್ತು ಮಂದಿ ಕೂಡಿ ಒಂದೇ ರೂಪ ನೆನಸಿದ್ರ ಅದಕ್ಕ ಜೀವ ಬರ್ತೈತಿ. ಆಮ್ಯಾಲ ಅದೇ ನಮ್ಮನ್ನ ನಡಸ್ತೈತಿ" ಎಂದರು ಮೇಷ್ಟರು. ಮನೆಯವರು ತೀರಿಕೊಂಡವರ ಬಗ್ಗೆ ಒಂದೊಂದೇ ವಿಷಯ ಹೇಳಬೇಕು, ಮಿಕ್ಕವರು ಕಣ್ಣು ಮುಚ್ಚಿ ಅದನ್ನೇ ಕಾಣಬೇಕು. ಹಾಗೆ ಹೇಳುವುದಕ್ಕೆ ಅವರು 'ತುತ್ತು ಹಾಕುವುದು' ಎನ್ನುತ್ತಾರೆ.

ನಮ್ಮ ಹುಡುಗಿಯನ್ನು ಕಂಡೇ ಇರದ ಐಶ್ವರ್ಯ ಎಂಬಾಕೆ, "ಗಂಗಕ್ಕ ಬಾಗಿಲದಾಗ ನಿಂತಾಳ ಆಂಟಿ, ಎಡಕ್ಕ ಕುತ್ಗಿ ವಾಲಿಸ್ಯಾಳ" ಎಂದಳು. ನನಗೆ ಮೈಯೆಲ್ಲ ಉರಿಯಿತು. ನನ್ನ ಮಗಳನ್ನು ಕಾಣಲು ಇವಳ್ಯಾರು? ಗಂಗಿ ಕುತ್ತಿಗೆ ವಾಲಿಸುತ್ತಿದ್ದ ಸಂಗತಿ ನಮ್ಮ ಯಜಮಾನರೇ ಹೇಳಿಕೊಟ್ಟದ್ದು, ಇನ್ನೇನು!

ಈ ಕೂಟದವರ ಬಣ್ಣ ಬಯಲು ಮಾಡಬೇಕೆಂದು ನಾನೂ ಒಂದು ತುತ್ತು ಹಾಕಿದೆ, ಶುದ್ಧ ಸುಳ್ಳಿನ ತುತ್ತು. "ನನ್ನ ಮಗಳು ಸಿಳ್ಳಿ ಹೊಡಿತಿದ್ಲು" ಎಂದೆ. ಅಕ್ಕಾ, ನಮ್ಮ ಗಂಗಿ ಎಲ್ಲಿ, ಸಿಳ್ಳೆ ಎಲ್ಲಿ!

ಮುಂದಿನ ಭಾನುವಾರ ಐಶ್ವರ್ಯ ಕಣ್ಣು ಮುಚ್ಚಿದವಳೇ, "ಸಿಳ್ಳಿ ಕೇಳಸ್ತು!" ಎಂದಳು. ಸುತ್ತ ಕೂತವರೆಲ್ಲ ಹೌದು ಹೌದೆಂದರು. ಸಿಕ್ಕಿಬಿದ್ದರು ಕಳ್ಳರು ಎಂದು ನಾನು ಸೆರಗು ಬಿಗಿದು ಏಳುವಷ್ಟರಲ್ಲಿ ನಮ್ಮ ಯಜಮಾನರು ಗೊಳೋ ಎಂದು ಅತ್ತುಬಿಟ್ಟರು. "ಮೆಟ್ಲ ಇಳಿಯೋ ಮುಂದ ಹೊಡಿತಿದ್ಲು. ಗಂಡುಬೀರಿ ಅಂತ ನಾನೇ ಬೈತಿದ್ದೆ. ಯಾಕರ ಬೈದ್ನೋ!" ಎಂದರು. ಒಂದೇ ಸೂರಿನಡಿ ನನ್ನೊಡನೆ ಮಗಳನ್ನು ಕಂಡ ಮನುಷ್ಯ, ನಾನು ಕಟ್ಟಿದ ಸುಳ್ಳಿಗೆ ಸಾಕ್ಷಿ ನುಡಿಯುವುದೇ! ನಾಟಕವೋ ನಿಜವೋ, ಅವರ ಮುಖವನ್ನೇ ನೋಡುತ್ತಿದ್ದೇನೆ, ತಿಳಿಯುತ್ತಿಲ್ಲ. ಅಂದು ಮನೆಗೆ ಬಂದು ಹೊಟ್ಟೆ ತುಂಬ ಉಂಡರು, ಬಾಯ್ತುಂಬ ಮಾತಾಡಿದರು. ಸಿಳ್ಳೆ ನಾನು ಕಟ್ಟಿದ ಸುಳ್ಳೆಂದು ಹೇಳಲು ನನಗೆ ಮನಸ್ಸು ಬರಲಿಲ್ಲ.

ನಾನಂತೂ ಇನ್ನು ಆ ಮಾಳಿಗೆ ಹತ್ತುವುದಿಲ್ಲ. ನೀನು ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ನಿನ್ನ ಮೊಮ್ಮಗು, ಪ್ರದೀಪನ ಕೂಸು, ನೂರು ವರ್ಷ ಬಾಳಲಿ, ಕುರುಗೋಡಿನ ದೊಡ್ಡಬಸಪ್ಪ ನಿಮ್ಮೆಲ್ಲರನ್ನು ತಂಪಾಗಿಟ್ಟಿರಲಿ.

ನಿನ್ನ ತಂಗಿ,
ಹಂಪಮ್ಮ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದೆ ಅಕ್ಕಾ. ಈಗ ಅಕ್ಕಿ ಆರಿಸುತ್ತಾ ಕೂತಿದ್ದಾಗ, ಗಂಗಿ ಸ್ಕೂಟಿಯ ಕೀಲಿ ಹಿಡಿದು ಮೆಟ್ಟಿಲು ಇಳಿಯುವುದು ಕಣ್ಣಿಗೆ ಕಟ್ಟಿತು. ಸಿಳ್ಳೆ ಹೊಡೆಯುತ್ತಾ ಇಳಿಯುತ್ತಿದ್ದಳು. ಸಿಳ್ಳೆಯನ್ನು ಬಿಟ್ಟು ಅವಳನ್ನಷ್ಟೇ ನೆನೆಯಲು ನೋಡಿದೆ, ಅವಳೇ ಬರಲಿಲ್ಲ. ನನಗೆ ಬಹಳ ಭಯವಾಗಿದೆ. ಇಲ್ಲಿ ಯಾರನ್ನು ಕೇಳಲಿ? ಗಂಗಿ ಏಳನೇ ಕ್ಲಾಸಿನ ತನಕ ಸಿರುಗುಪ್ಪದಲ್ಲಿ ನಿನ್ನ ಮಡಿಲಲ್ಲೇ ಬೆಳೆದವಳು. ನಿಜ ಹೇಳು, ಅವಳು ಸಿಳ್ಳೆ ಹೊಡೆಯುತ್ತಿದ್ದಳಾ? ಉತ್ತರವನ್ನು ಅಂಜಿನಿಯ ಕೈಗೇ ಕೊಡು. ಇದನ್ನು ಓದಿದ ನಿನಗೂ ಆ ಸಿಳ್ಳೆ ಕೇಳಿಸತೊಡಗುವ ಮೊದಲು ಬರೆದುಬಿಡು.